ಆಲದ ಮರದ ನಾಕಾಕ್ಕೆ ಬದ್ಲಿ

೧೯೨೪ನೇ ಇಸವಿಯ ಕಾರ್ತಿಕ ಮಾಸದಲ್ಲಿ, ಹುಣಸೂರು ಸೀಮೆಯ ಒಂದು ಪೇಟೆ ಠಾಣೆಯಲ್ಲಿ ಬಹಳ ಗಂಭೀರವಾದ ಘಟನೆಯೊಂದು ನಡೆಯಿತು. ದಫೇದಾರ್ ಗುರುಸ್ವಾಮಿಯವರ ಸೀಟಿಯೊಳಗಿನ ಬಟಾಣಿ ಕಳೆದುಹೋಯಿತು.

ಬಟಾಣಿ ಅಂದರೆ ಹೊಲದ ಬಟಾಣಿಯಲ್ಲ. ಸೀಟಿಯ ಹೊಟ್ಟೆಯೊಳಗೆ ಕುಣಿಯುವ ಬೆಂಡಿನ ಗುಂಡು. ಅದಿದ್ದರೆ ಸೀಟಿ 'ಪುರ್ರ್' ಎಂದು ಪೇಟೆಯ ಆಚೆಗೂ ಕೇಳುತ್ತದೆ. ಇಲ್ಲದಿದ್ದರೆ 'ಸುಯ್' ಎಂದು ಊದಿದವರಿಗೆ ಮಾತ್ರ ಕೇಳುತ್ತದೆ. ಠಾಣೆಗೆ ಇದ್ದದ್ದು ಅದೊಂದೇ ಸೀಟಿ.

ಇಲಾಖೆಯ ಏರ್ಪಾಡು ಸರಳವಾಗಿತ್ತು. ತಳದಲ್ಲಿ ಹನ್ನೊಂದು ಜನ ಕಾನ್‌ಸ್ಟೇಬಲ್ಲುಗಳು. ಅವರ ಮೇಲೆ ದಫೇದಾರರು, ದಫೇದಾರರ ಮೇಲೆ ಜಮೇದಾರರು, ಜಮೇದಾರರ ಮೇಲೆ ಇನ್‌ಸ್ಪೆಕ್ಟರು, ಅವರ ಮೇಲೆ ದೊಡ್ಡ ಕಚೇರಿ. ಅದರ ಮೇಲೆ ಏನಿದೆ ಎಂಬುದು ಕಾನ್‌ಸ್ಟೇಬಲ್ಲುಗಳಿಗೆ ವೈಕುಂಠದಷ್ಟೇ ಸ್ಪಷ್ಟವಾಗಿತ್ತು. ಬೈಗುಳ ಮೇಲಿನಿಂದ ಕೆಳಕ್ಕೆ ಒಂದೇ ಹೊತ್ತಿನಲ್ಲಿ ಇಳಿಯುತ್ತಿತ್ತು. ಅರ್ಜಿ ಕೆಳಗಿನಿಂದ ಮೇಲಕ್ಕೆ ಹತ್ತಲು ಮೂರು ತಿಂಗಳು ಬೇಕಾಗುತ್ತಿತ್ತು. ಬಟಾಣಿಯ ಅರ್ಜಿಯೂ ಹತ್ತಿತು. 'ಕಳೆದ ಬಟಾಣಿಯ ಬಣ್ಣ ತಿಳಿಸತಕ್ಕದ್ದು' ಎಂಬ ಉತ್ತರವೂ ಇಳಿಯಿತು.

ಇಂಥ ಇಲಾಖೆ ಜನರಿಗೇನು ಮಾಡುತ್ತಿತ್ತು ಎಂದು ಕೇಳಬೇಡಿ, ಮಾಡುತ್ತಿತ್ತು. ಹೊಗೆಸೊಪ್ಪಿನ ಮಂಡಿಯಲ್ಲಿ ತಕ್ಕಡಿಯ ಜಗಳ ಬಿಡಿಸುತ್ತಿತ್ತು. ತಪ್ಪಿಸಿಕೊಂಡ ಎಮ್ಮೆಯನ್ನು ದೊಡ್ಡಿಗೆ ಕೂಡುತ್ತಿತ್ತು. ರಾತ್ರಿ ಮೂರು ಕಡೆ ನಾಕಾ, ಅಂದರೆ ಕಾವಲು, ನಿಲ್ಲುತ್ತಿತ್ತು: ಮಂಡಿ, ಸೇತುವೆ, ಹನಗೋಡು ರಸ್ತೆಯ ಗೇಟು. ಎರಡು ಗಂಟೆಗೆ ದಫೇದಾರರು ಸೀಟಿ ಊದಿದರೆ ಮೂವರೂ ಮನೆಗೆ ಹೋಗಬಹುದಿತ್ತು. ಬಟಾಣಿ ಹೋದ ಮೇಲೆ, ಒಬ್ಬ ಆಳು ನಡೆದುಕೊಂಡು ಹೋಗಿ ಮೂರು ಕಡೆಯೂ 'ಸಾಕು' ಎಂದು ಹೇಳಿ ಬರಬೇಕಾಯಿತು.

ಮೂರು ತಿಂಗಳ ಮೇಲೆ ಆ ಸರದಿ ಮೊದಲ ಸಲ ಸಣ್ಣಬೀರಯ್ಯನಿಗೆ ಬಂತು. ಚುಂಚನಕಟ್ಟೆ ಕಡೆಯವನು. ಮೂವತ್ತರ ಪ್ರಾಯ, ಮೆತ್ತಗಿನ ಮನುಷ್ಯ. ಪೊಲೀಸಿಗೆ ಯಾಕೆ ಸೇರಿದನೋ ಅವನಿಗೇ ಗೊತ್ತಿರಲಿಲ್ಲ.

ಆ ರಾತ್ರಿ ಮೂರು ಕಡೆಯೂ ಹೇಳಿದ. ಮೂರು ಕಡೆಯೂ ಬೈಸಿಕೊಂಡ. 'ಈಗ ಬಂದ್ಯೇನ್ಲಾ, ಚಳೀಲಿ ಎಣ ಆದ್ಮ್ಯಾಕೆ?' ಎಂದು ಗೇಟಿನವನು ಹೇಳಿದ ಮಾತು ಇನ್ನೂ ಕಿವಿಯಲ್ಲಿತ್ತು. ಕೈಯಲ್ಲಿ ಲಾಟೀನು. ಎಣ್ಣೆ ತಳ ಮುಟ್ಟಿತ್ತು.

ಮನೆಗೆ ಹೋಗುವ ದಾರಿ ಹಳೇ ಬಾವಿಯ ಪಕ್ಕದಲ್ಲಿ. ಬಾವಿಯ ಮೇಲೆ ಆಲದ ಮರ. ಅದರಾಚೆ ನಲವತ್ತು ಹೆಜ್ಜೆಗೆ ಒಂದು ಮೈಲಿಗಲ್ಲು.

ಮೊದಲು ಕೇಳಿಸಿದ್ದು ಬೂಟಿನ ಶಬ್ದ. ಟಕ್... ಟಕ್... ಟಕ್. ಮೊಳೆ ಹೊಡೆದ ಬೂಟು ಗರಸಿನ ಮೇಲೆ ಬೀಳುವ ಶಬ್ದ. ಆಮೇಲೆ ಎರಡು ಹಿಮ್ಮಡಿ ಒಟ್ಟಿಗೆ ಕೂಡಿದ ಶಬ್ದ. ಟಪ್. ಮತ್ತೆ ಟಕ್... ಟಕ್.

ಮರದ ಕೆಳಗೆ ಒಬ್ಬ ಕಾನ್‌ಸ್ಟೇಬಲ್ ನಿಂತಿದ್ದ.

ಸಣ್ಣಬೀರಯ್ಯನಿಗೆ ಹೆದರಿಕೆಯಾಗಲಿಲ್ಲ. ಬೇಜಾರಾಯಿತು. ದಫೇದಾರರು ನಾಲ್ಕನೆಯವನನ್ನೂ ನಿಲ್ಲಿಸಿ, ತನಗೆ ಹೇಳುವುದನ್ನು ಮರೆತಿದ್ದಾರೆ ಎಂದುಕೊಂಡ. ರುಮಾಲು ಮುಂದಕ್ಕೆ ಇಳಿದು ಮುಖ ಕಾಣಲಿಲ್ಲ. ಹತ್ತಿರ ಹೋದಾಗ ಹಸಿ ಸುಣ್ಣದ ವಾಸನೆ ಬಂತು...

"ಬದ್ಲಿ ಬಂದ್ಯಾ?" ಎಂದು ಆತ ಪಿಸುಗುಟ್ಟಿದ.

ಕಾವಲು ಬದಲಾಗುವುದಕ್ಕೆ ಇಲಾಖೆಯಲ್ಲಿ ಒಂದು ಕ್ರಮವಿದೆ. ಹಳಬ 'ನಾಕಾ ಸುರಕ್ಷಿತ, ಒಪ್ಪಿಸಿದೆ' ಅನ್ನಬೇಕು. ಹೊಸಬ 'ಒಪ್ಪಿಕೊಂಡೆ' ಅನ್ನಬೇಕು. ಈ ಮಾತು ಆಡದೆ ಜಾಗ ಬಿಟ್ಟವನಿಗೆ ಶಿಕ್ಷೆ. ಸೀಟಿ ಊದಿದರೆ ಇದ್ಯಾವುದೂ ಬೇಡ, ಸುಮ್ಮನೆ ಹೋಗಬಹುದು. ಸೀಟಿ ಇಲ್ಲ. 'ಸಾಕು ಹೋಗು' ಎಂದರೆ ಈತನೂ ಬೈಯುತ್ತಾನೆ. ಕ್ರಮದ ಪ್ರಕಾರ ಎರಡು ಮಾತಾಡಿ ಕಳಿಸಿದರೆ ಬೇಗ ಮುಗಿಯುತ್ತದೆ. ಸಣ್ಣಬೀರಯ್ಯ ಹೀಗೆ ಲೆಕ್ಕ ಹಾಕಿದ. ಪಾಪದವನು ಹಾಕುವ ಲೆಕ್ಕ.

"ಬಂದೆ ಕಣಣ್ಣ," ಎಂದ.

"ನಾಕಾ ಸುರಕ್ಷಿತ. ಒಪ್ಪಿಸಿದೆ."

"ಒಪ್ಪಿಕೊಂಡೆ. ಓಗು, ಓಗಿ ಮನಿಕ್ಕೊ."

ಆತ ಉಸಿರು ಬಿಟ್ಟ. ಉಸ್ಸ್... ಚಕ್ರದ ಗಾಳಿ ಹೋದ ಹಾಗೆ, ಬಹಳ ಹೊತ್ತು. ಆಮೇಲೆ ಕೂತು ಬೂಟು ಕಳಚಿ, ಮೊಣಕಾಲಿನ ತನಕ ಸುತ್ತಿದ್ದ ಬಟ್ಟೆಯ ಪಟ್ಟಿ ಬಿಚ್ಚಿದ. ಬಿಚ್ಚಿದ ಪಟ್ಟಿಯನ್ನು ಬಾವಿಕಟ್ಟೆಯ ಮೇಲೆ ಮಡಿಸಿಟ್ಟ. ಎದ್ದು ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಲಕ್ಷ್ಮಣತೀರ್ಥ ಹೊಳೆಯ ಕಡೆ ನಡೆದ. ನೀರಿಗೆ ಇಳಿದ ಶಬ್ದ ಕೇಳಿಸಿತು. ಗುಳುಂ... ಗುಳುಂ. ಹತ್ತಿದ ಶಬ್ದ ಕೇಳಿಸಲಿಲ್ಲ.

ಸಣ್ಣಬೀರಯ್ಯ ಮನೆಗೆ ಹೊರಟ. ಮೈಲಿಗಲ್ಲಿನ ಹತ್ತಿರ ಬಂದ. ಹಿಮ್ಮಡಿಗಳು ಕೂಡಿದವು. ಟಪ್. ಅವನ ಕಾಲುಗಳು ತಾವಾಗಿಯೇ ತಿರುಗಿ ಅವನನ್ನು ಬಾವಿಗೆ ವಾಪಸು ತಂದವು.

ನಿದ್ದೆಗಣ್ಣು ಎಂದುಕೊಂಡ. ಮತ್ತೆ ಹೊರಟ. ನಲವತ್ತು ಹೆಜ್ಜೆ. ಟಪ್. ವಾಪಸು. ಬೂಟು ಕಳಚಲು ಬಗ್ಗಿದ. ಕಾಲು ನಿಲ್ಲಲಿಲ್ಲ, ನಡೆಯುತ್ತಲೇ ಎಳೆದು ಬಿಸಾಡಿದ. ಬರಿಗಾಲೂ ತಿರುಗಿತು. ಗದ್ದೆಗೆ ಇಳಿದು ಅಡ್ಡ ಹೋಗೋಣವೆಂದರೆ ಕಾಲು ರಸ್ತೆ ಬಿಟ್ಟು ಇಳಿಯಲಿಲ್ಲ. ಕೂರೋಣವೆಂದರೆ ಮೊಣಕಾಲು ಮಡಿಯಲಿಲ್ಲ. ಕೂಗಿದ. ಆಲದ ಮರದಲ್ಲಿ ಒಂದು ಬಾವಲಿ ಪಟಪಟ ಅಂತು, ಅಷ್ಟೇ...

ಹೀಗೆ ಬೆಳಗಾಯಿತು.

ಬೆಳಿಗ್ಗೆ ನೀರಿಗೆ ಬಂದ ಹೆಂಗಸರಿಗೆ ಬಹಳ ಸಂತೋಷವಾಯಿತು. ಆ ಬಾವಿಯ ಬಳಿ ಪೊಲೀಸು ನಿಂತದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲ. ಹೂ ಮಾರುವ ಚಾಮುಂಡಮ್ಮ ಕೊಡ ಇಳಿಸಿ, "ಪೋಲೀಸ್ನೋರು ಅಂದ್ರೆ ಇಂಗಿರ್ಬೇಕು ಕಣ್ರವ್ವಾ. ಕಣ್ಣು ಮಿಟುಕ್ಸಾಕಿಲ್ಲ, ಕುಂತ್ಕಳಾಕಿಲ್ಲ. ನಮ್ ಮನೇಲೂ ಒಬ್ಬವ್ನೆ, ನಿಂತ್ಕಳಾಕಿಲ್ಲ!" ಎಂದಳು.

ಏಳು ಗಂಟೆಗೆ ದಫೇದಾರ್ ಗುರುಸ್ವಾಮಿ ಬಂದರು.

"ಏನ್ಲಾ ಬೀರ, ಇಲ್ಲಿ ಯಾವ ನಾಕಾ ಐತೆ ಅಂತ ಕಾಯ್ತಿದ್ದೀಯ?"

"ಕಾಲು ಬುಡ್ತಾ ಇಲ್ಲ ಸಾ."

"ಕಾಲು ಬುಡ್ತಾ ಇಲ್ವೋ, ಯೆಂಡ ಬುಡ್ತಾ ಇಲ್ವೋ?"

"ನಮ್ಮವ್ವನಾಣೆ ಸಾ. ನೀವೇ ಎಳ್ಕೊಂಡೋಗಿ."

ಗುರುಸ್ವಾಮಿ ಗಟ್ಟಿ ಆಳು. ಎಳೆದು ನೋಡಿದರು, ಆಗಲಿಲ್ಲ. ಮೂಟೆಯ ಹಾಗೆ ಬೆನ್ನಿಗೆ ಹಾಕಿಕೊಂಡು ಹೊರಟರು. ಮೂವತ್ತೆಂಟು... ಮೂವತ್ತೊಂಬತ್ತು... ನಲವತ್ತು. ದಫೇದಾರರ ಹಿಮ್ಮಡಿಗಳು ಕೂಡಿದವು. ಟಪ್. ಅವರೂ ತಿರುಗಿದರು. ಇಪ್ಪತ್ತೆರಡು ವರ್ಷದ ಕವಾಯತು ಅವರ ಕಾಲಲ್ಲೂ ಇತ್ತು. ಅಷ್ಟು ಸೊಗಸಾಗಿ ಅವರು ಪರೇಡಿನಲ್ಲೂ ತಿರುಗಿರಲಿಲ್ಲ.

ಸಣ್ಣಬೀರಯ್ಯನನ್ನು ಇಳಿಸಿದ ಮೇಲೆ ಅವರ ಕಾಲು ಅವರಿಗೆ ಸಿಕ್ಕಿತು. ಠಾಣೆಗೆ ಹೋದರು. ನಡಿಗೆ ಓಟಕ್ಕೆ ಹತ್ತಿರವಿತ್ತು.

ಮಧ್ಯಾಹ್ನ ವಾಪಸು ಬಂದು, ರಸ್ತೆಯ ಆಚೆ ನಿಂತು, ಸಣ್ಣ ದನಿಯಲ್ಲಿ ಹೇಳಿದರು.

"ಅಳೇ ರಿಜಿಸ್ಟ್ರು ತೆಗೆದೆ ಕಣೋ. ಪ್ಲೇಗು ಬಂದ ವರ್ಷ ಇಲ್ಲೊಂದು ನಾಕಾ ಇತ್ತಂತೆ. ಕಾಯಿಲೆ ಬಿದ್ದ ಕೇರಿಯಿಂದ ಯಾರೂ ಈಚೆಗೆ ಬರಬಾರ್ದು ಅಂತ. ನಿಂತೋನು ಮಂಚಯ್ಯ, ನಂಬರು ಮೂವತ್ತೊಂದು. ಬದ್ಲಿ ಬರ್ಬೇಕಾದೋನು ಪ್ಲೇಗಿಗೆ ಎದ್ರಿ ಊರು ಬುಟ್ಟ. ಮೂರನೇ ದಿವ್ಸ ಮಂಚಯ್ಯ ಇಲ್ಲೇ ಸತ್ತ. ಸುಣ್ಣ ಸುರ್ದು ಊತಾಕಿದ್ರಂತೆ. ಸತ್ತ ತಾರೀಕು ಬರ್ದವ್ರೆ. ಬದ್ಲಿ ಕಾಲಂ ಖಾಲಿ ಐತೆ."

ಸಣ್ಣಬೀರಯ್ಯ ಬಾವಿಕಟ್ಟೆ ನೋಡಿದ. ಅಲ್ಲಿ ಮಡಿಸಿಟ್ಟ ಪಟ್ಟಿ ಇರಲಿಲ್ಲ. ತನ್ನ ಕಾಲು ನೋಡಿಕೊಂಡ. ತನ್ನ ಪಟ್ಟಿಯ ಮೇಲೆ ಆ ಪಟ್ಟಿ ಸುತ್ತಿಕೊಂಡಿತ್ತು.

"ಆ ಕಾಲಂನಾಗೆ ಬದ್ಲಿ ಆಯ್ತು ಅಂತ ನೀವೇ ಬರೀರಿ ಸಾ."

"ನಾನು ಬರದ್ರೆ ಜಮೇದಾರ್ರು ಸೈನು ಆಕ್ಬೇಕು. ಅವ್ರು ಆಕಿದ್ರೆ ಇನ್‌ಸ್ಪೆಕ್ಟ್ರು. ಅಲ್ಲಿಂದ ದೊಡ್ ಕಚೇರಿ. ಬಟಾಣಿಗೇ ಮೂರು ತಿಂಗ್ಳಾಯ್ತು."

"ಅಂಗಾರೆ ನೀವೇ ಒಪ್ಕೊಳ್ಳಿ ಸಾ."

ಗುರುಸ್ವಾಮಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. "ಕಾನ್‌ಸ್ಟೇಬಲ್ ಕಾವಲನ್ನ ದಫೇದಾರ್ ಒಪ್ಕೊಳ್ಳೋದು ರೂಲ್ಸಿಗೆ ವಿರುದ್ಧ," ಎಂದರು. ಅವರು ರೂಲ್ಸನ್ನು ಅಷ್ಟು ಪ್ರೀತಿಯಿಂದ ಹೇಳಿದ್ದು ಅದೇ ಮೊದಲು.

ಆದರೂ ಅವರು ಕೆಟ್ಟವರಲ್ಲ. ಎರಡನೆಯ ರಾತ್ರಿ ಒಂದು ಉಪಾಯ ಮಾಡಿಕೊಂಡು ಬಂದರು. ಸಂತೆಯಲ್ಲಿ ಕುಡಿದು ಹಾಡಿದ್ದಕ್ಕೆ ಲಾಕಪ್ಪಿನಲ್ಲಿದ್ದ ದೇವಯ್ಯ ಎಂಬವನನ್ನು ಹಗ್ಗ ಹಿಡಿದು ಕರೆತಂದರು. ಈ ದೇವಯ್ಯ ಮೊದಲು ಒಂದು ವರ್ಷ ಇದೇ ಇಲಾಖೆಯಲ್ಲಿ ಕೆಲಸ ಮಾಡಿ, ಕುಡಿತಕ್ಕೆ ಕೆಲಸ ಕಳೆದುಕೊಂಡಿದ್ದ.

"ಬೀರಣ್ಣ, ಅದೇನೋ ಒಂದು ಮಾತು ಅಂದ್ರೆ ಬುಟ್ಬುಡ್ತೀನಿ ಅಂದವ್ರೆ ದಫೇದಾರ್ರು," ಎಂದು ದೇವಯ್ಯ ನಕ್ಕ. "ಅದೇನ್ ಏಳು, ಅಂದ್ಬುಟ್ಟು ಓಯ್ತೀನಿ. ಬೆಳಿಗ್ಗೆ ಮಗಳ್ನ ನೋಡಾಕೆ ಗಂಡಿನೋರು ಬತ್ತಾವ್ರೆ."

ಸಣ್ಣಬೀರಯ್ಯ ಬಾವಿಯಿಂದ ಕಲ್ಲಿನ ತನಕ ಹೋದ. ಕಲ್ಲಿನಿಂದ ಬಾವಿಯ ತನಕ ಬಂದ. 'ಒಪ್ಪಿಸಿದೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂಗಾಲಿನ ಚರ್ಮ ಕಿತ್ತು ಹೋಗಿ ಗರಸಿಗೆ ಅಂಟುತ್ತಿತ್ತು.

"ಏನೂ ಅನ್ಬ್ಯಾಡ. ಮನೇಗೋಗು," ಎಂದ.

"ನಿನ್ ತಲೆ ಕೆಟ್ಟೈತೇನ್ಲಾ?" ಗುರುಸ್ವಾಮಿ ಹಲ್ಲು ಕಚ್ಚಿದರು.

"ನನ್ನ ನಿಲ್ಸಿರೋದೇ ಜನ ಕಾಯಾಕಲ್ವಾ ಸಾ," ಎಂದ ಸಣ್ಣಬೀರಯ್ಯ. ತಮಾಷೆಗೆ ಅಂದನೋ ನಿಜಕ್ಕೆ ಅಂದನೋ ಗುರುಸ್ವಾಮಿಗೆ ತಿಳಿಯಲಿಲ್ಲ. ಅವರು ದೇವಯ್ಯನ ಹಗ್ಗ ಬಿಚ್ಚಿದರು.

ಮೂರನೆಯ ದಿನ ಬೇರೆ ಥರ ಇತ್ತು.

ಹಸಿವು ನಿಂತಿತು. ನೋವು ನಿಂತಿತು. ಅವನಿಗೆ ಅದು ಒಳ್ಳೆಯದಾಗಿ ಕಾಣಲಿಲ್ಲ. ಚಾಮುಂಡಮ್ಮ ನೀರಿಗೆ ಬಂದಳು. "ಚಾಮುಂಡಮ್ಮಾ," ಎಂದು ಕರೆದ. ತಿರುಗಲಿಲ್ಲ. "ಪೋಲೀಸಪ್ಪ ಎಲ್ಲೋದ್ನೋ. ಎರಡು ದಿನದ ವೈಯಾರ," ಎಂದು ಪಕ್ಕದವಳಿಗೆ ಹೇಳಿ ಕೊಡ ಇಳಿಸಿದಳು. ಅವನು ನಡೆದು ಬರುವ ದಾರಿಯಲ್ಲೇ ಇಳಿಸಿದಳು. ಅವನ ಕಾಲು ಕೊಡದೊಳಗಿಂದ ಹಾದುಹೋಯಿತು. ಕೊಡದ ನೀರು ಸಹ ಅಲುಗಲಿಲ್ಲ...

ಹಸಿ ಸುಣ್ಣದ ವಾಸನೆ ಎಲ್ಲಿಂದಲೋ ಬರುತ್ತಲೇ ಇತ್ತು. ಮೂಗನ್ನು ತೋಳಿಗೆ ಹಿಡಿದು ನೋಡಿದ. ತನ್ನಿಂದಲೇ ಬರುತ್ತಿತ್ತು.

ಮಂಚಯ್ಯ ಸತ್ತದ್ದು ಮೂರನೆಯ ದಿನ ಎಂಬುದು ಅವನಿಗೆ ಆಗ ನೆನಪಾಯಿತು.

ಅವನ ಹೆಂಡತಿ ಪುಟ್ಟಮಲ್ಲಮ್ಮ ಎರಡು ದಿನವೂ ಮುದ್ದೆ ತಂದು ಕೊಟ್ಟಿದ್ದಳು. ಅವಳಿಗೆ 'ವಿಶೇಷ ಡ್ಯೂಟಿ' ಎಂದಷ್ಟೇ ಹೇಳಿದ್ದ. ನಡೆಯುತ್ತಲೇ ತಿನ್ನುವ ಡ್ಯೂಟಿ ಯಾವುದು ಎಂದು ಅವಳು ಕೇಳುವ ಹೊತ್ತಿಗೆ ಅವನ ಕಾಲು ಕಲ್ಲಿನ ಕಡೆ ಹೊರಟಿತ್ತು. ಮೂರನೆಯ ಸಂಜೆ ಅವಳು ಬಂದಾಗ ಬಾವಿಯ ಹತ್ತಿರ ಯಾರೂ ಇರಲಿಲ್ಲ. ಶಬ್ದ ಮಾತ್ರ ಇತ್ತು. ಟಕ್... ಟಕ್... ಟಕ್. ಬೂಟಿನ ಶಬ್ದ. ಗಂಡ ಬಿಸಾಡಿದ ಬೂಟು ಮಾತ್ರ ರಸ್ತೆಯ ಪಕ್ಕದಲ್ಲಿ ಬಿದ್ದಿತ್ತು.

ಅವಳು ಕೂಗಲಿಲ್ಲ. ಬುತ್ತಿ ಅಲ್ಲೇ ಇಟ್ಟು ನೇರ ಠಾಣೆಗೆ ಹೋದಳು. ಗುರುಸ್ವಾಮಿ ಎಲ್ಲವನ್ನೂ ಹೇಳಿದರು. ಬೆನ್ನಿಗೆ ಹಾಕಿಕೊಂಡು ತಿರುಗಿದ್ದನ್ನೂ ಹೇಳಿದರು.

"ನೀವು ಯಾಕೆ ತಿರುಗಿದ್ರಿ?" ಎಂದು ಕೇಳಿದಳು.

"ಕವಾಯತು ಕಣಮ್ಮ. ಕಾಲಿಗೆ ಅದು ಅಂಟ್ಕೊಂಡೈತೆ."

ಅವಳು ತನ್ನ ಕಾಲು ನೋಡಿಕೊಂಡಳು. ಆಮೇಲೆ ಮನೆಗೆ ಹೋದಳು.

ರಾತ್ರಿ ಎರಡು ಗಂಟೆಗೆ ಸ್ವಲ್ಪ ಮುಂಚೆ ಬಾವಿಯ ಬಳಿ ಲಾಟೀನು ಬಂತು. ಬೆಳಕಿನಲ್ಲಿ ಪುಟ್ಟಮಲ್ಲಮ್ಮನ ಸೆರಗು, ಅದರ ಹಿಂದೆ ಬಹಳ ದೂರದಲ್ಲಿ ಗುರುಸ್ವಾಮಿ.

"ಎಲ್ಲಿದ್ದೀಯ?"

"ಇಲ್ಲೇ ಕಣೆ. ನಿನ್ ಮುಂದೇನೇ."

ಅವಳಿಗೆ ಅದು ಬಾವಿಯ ತಳದಿಂದ ಬಂದ ಹಾಗೆ ಕೇಳಿಸಿತು. ಆದರೂ ಕೇಳಿಸಿತು.

"ಏನೋ ಒಪ್ಸ್ಬೇಕಂತಲ್ಲ. ನಂಗೆ ಒಪ್ಸು."

"ಬ್ಯಾಡ. ನೀನೂ ಸಿಕ್ಕಾಕ್ಕೊತೀಯ."

"ಯಾಕ್ ಸಿಕ್ಕಾಕ್ಕೊಳ್ಳಿ? ನಿನ್ ಕಾಲಿಗೆ ಎಡಾ ಬಲಾ ಅಂತ ಸರ್ಕಾರ ಕಲ್ಸೈತೆ. ದಫೇದಾರ್ರ ಕಾಲಿಗೂ ಕಲ್ಸೈತೆ. ನನ್ ಕಾಲಿಗೆ ಯಾವೋನ್ ಕಲ್ಸವ್ನೆ? ಗದ್ದೆ ಬದದ ಮ್ಯಾಲೆ ನಡ್ಯಾದು ಕಲ್ತ ಕಾಲಿದು."

"ಅದೆಂಗೋ ಏನೋ... ಗೊತ್ತಿಲ್ದೆ..."

"ಗೊತ್ತಿದ್ದು ನೀನ್ ಮಾಡಿದ್ನ ನೋಡಾಯ್ತಲ್ಲ. ಒಪ್ಸು ಅಂದೆ!"

ಟಕ್... ಟಕ್... ಅವನು ಕಲ್ಲಿನ ತನಕ ಹೋದ. ಟಪ್. ಬರುವಾಗ ಅವಳ ಮುಖಕ್ಕೆ ಲಾಟೀನಿನ ಬೆಳಕು ಬಿದ್ದಿತ್ತು. ಅವಳು ಅವನನ್ನು ನೋಡುತ್ತಿರಲಿಲ್ಲ. ಅವನಿಗಿಂತ ಒಂದು ಮೊಳ ಎಡಕ್ಕೆ, ಬರಿ ಕತ್ತಲನ್ನು ನೋಡುತ್ತಿದ್ದಳು. ಹೆಂಡತಿಗೆ ತಾನು ಕಾಣಿಸುತ್ತಿಲ್ಲ ಎಂಬುದು ಅವನಿಗೆ ಆಗ ಅರ್ಥವಾಯಿತು.

ಠಾಣೆಯ ಗಂಟೆ ಹೊಡೆಯಿತು. ಢಣ್...

"ನಾಕಾ ಸುರಕ್ಷಿತ," ಎಂದ ಸಣ್ಣಬೀರಯ್ಯ. "ಒಪ್ಪಿಸಿದೆ."

"ಒಪ್ಕೊಂಡೆ," ಎಂದಳು ಪುಟ್ಟಮಲ್ಲಮ್ಮ.

ಢಣ್.

ಅವನ ಮೊಣಕಾಲು ಮಡಿಯಿತು. ಧೊಪ್ಪೆಂದು ರಸ್ತೆಯ ಮೇಲೆ ಕೂತ. ಮೂರು ದಿನದ ನೋವು, ಮೂರು ದಿನದ ಹಸಿವು ಒಟ್ಟಿಗೆ ಬಂದವು. ಅವನು ಅತ್ತ. ಅವಳು ಈಗ ಅವನನ್ನೇ ನೋಡುತ್ತಿದ್ದಳು. "ಏಳು," ಎಂದಳು. "ನಾನ್ ಮುಂದೋಯ್ತೀನಿ. ನಾನ್ ಕಲ್ಲು ದಾಟೋಗಂಟ ನೀನು ಉಸ್ರೆತ್ಬ್ಯಾಡ."

ಹೊರಟಳು. ಸಣ್ಣಬೀರಯ್ಯ ಎಣಿಸಿದ. ಅವಳ ಹೆಜ್ಜೆ ಗಿಡ್ಡ, ಒಂದೊಂದು ಒಂದೊಂದು ಥರ. ಬಳೆ ಮಾತ್ರ ಕಿಣಿ ಕಿಣಿ ಅನ್ನುತ್ತಿತ್ತು. ನಲವತ್ತಾಯಿತು, ಕಲ್ಲು ಇನ್ನೂ ಬಂದಿರಲಿಲ್ಲ. ನಲವತ್ತೆಂಟು... ಐವತ್ತು... ಕಲ್ಲಿನ ಹತ್ತಿರ ಅವಳು ನಿಂತಳು.

ನಿಂತೇ ಇದ್ದಳು.

ದೂರದಲ್ಲಿ ಗುರುಸ್ವಾಮಿ ಕಣ್ಣು ಮುಚ್ಚಿಕೊಂಡರು.

"ಥೂ, ಇದರ ಮನೆ ಆಳಾಗ," ಎಂದಳು ಪುಟ್ಟಮಲ್ಲಮ್ಮ. ಬಗ್ಗಿ ಅಂಗಾಲಿನಿಂದ ಮುಳ್ಳು ಕಿತ್ತು ಎಸೆದಳು. ಕಲ್ಲು ದಾಟಿದಳು. "ಬಾ. ಒಲೆ ಮ್ಯಾಲೆ ಎಸ್ರಿಟ್ಟು ಬಂದಿವ್ನಿ."

ಇಲಾಖೆ ಸಣ್ಣಬೀರಯ್ಯನನ್ನು ಮರೆಯಲಿಲ್ಲ. ಹೇಳದೆ ಕೇಳದೆ ಮೂರು ದಿನ ಗೈರುಹಾಜರಾದ ಎಂದು ಬರೆದುಕೊಂಡಿತು. ಆಮೇಲೆ ಅವನಿಗೆ ಪಿರಿಯಾಪಟ್ಟಣದ ಕಡೆಗೆ ವರ್ಗವಾಯಿತು. ಅಲ್ಲಿ ಕಾವಲು ಬದಲಾಗುವಾಗ ಅವನು ಬಾಯಿ ಬಿಡದೆ ಬರಿ ತಲೆಯಾಡಿಸುತ್ತಿದ್ದ. ಅದಕ್ಕೆ ಎರಡು ಸಲ ಶಿಕ್ಷೆಯಾಯಿತು. ಅವನು ಬಾಯಿ ಬಿಡಲಿಲ್ಲ.

ಪುಟ್ಟಮಲ್ಲಮ್ಮ ಚೆನ್ನಾಗಿಯೇ ಇದ್ದಳು. ಉಂಡಳು, ಮಲಗಿದಳು, ಗಂಡನನ್ನು ಬೈದಳು. ಎರಡು ಮಕ್ಕಳಾದವು.

ಇದನ್ನು ಕತೆ ಅಂದುಕೊಂಡರೆ ಅಂದುಕೊಳ್ಳಿ. ನಡೆದದ್ದು ಹೀಗೇ. ಹೇಳಿದವರು ನಮ್ಮ ಹನಗೋಡಿನ ನೆರೆಮನೆಯ ಅಜ್ಜಿ. ಅವರು ಪುಟ್ಟಮಲ್ಲಮ್ಮನ ಸ್ವಂತ ತಂಗಿ, ಸುಳ್ಳು ಹೇಳಿ ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ. ಮುಂದಿನದನ್ನು ಹೇಳುವಾಗ ಮಾತ್ರ ಅವರು ದನಿ ತಗ್ಗಿಸುತ್ತಿದ್ದರು.

ಎರಡು ವರ್ಷದ ಮೇಲೆ, ಆ ಠಾಣೆಗೆ ಹೊಸದಾಗಿ ಬಂದ ಇನ್‌ಸ್ಪೆಕ್ಟರು ರಾತ್ರಿ ತನಿಖೆಗೆ ಸೈಕಲ್ಲಿನಲ್ಲಿ ಹೊರಟರು. ಹಿಂದಿನದು ಅವರಿಗೇನೂ ಗೊತ್ತಿರಲಿಲ್ಲ. ಬೆಳಿಗ್ಗೆ ಭೇಟಿ ಪುಸ್ತಕದಲ್ಲಿ ಹೀಗೆ ಬರೆದರು: 'ರಾತ್ರಿ ಎರಡು ಗಂಟೆ ಹತ್ತು ನಿಮಿಷ. ಹಳೇ ಬಾವಿಯ ಆಲದ ಮರ. ಕತ್ತಲಲ್ಲಿ ಬಳೆಯ ಶಬ್ದ. ಯಾರು ಎಂದು ಕೇಳಲಾಗಿ, ನಾಕಾ ಸುರಕ್ಷಿತ ಎಂದು ಹೆಂಗಸಿನ ದನಿಯಲ್ಲಿ ಉತ್ತರ ಬಂತು. ಇಲ್ಲಿ ಹೆಂಗಸನ್ನು ಕಾವಲಿಗೆ ನೇಮಿಸಿದವರು ಯಾರು? ದಫೇದಾರರು ವಿವರಣೆ ಕೊಡತಕ್ಕದ್ದು.'

ಆ ರಾತ್ರಿ ಪುಟ್ಟಮಲ್ಲಮ್ಮ ಚುಂಚನಕಟ್ಟೆಯಲ್ಲಿದ್ದಳು. ಈ ತಂಗಿಯ ಬಾಣಂತನಕ್ಕೆ ಹೋಗಿ, ಅವಳ ಪಕ್ಕದಲ್ಲೇ ಮಲಗಿದ್ದಳು. ಎರಡು ಗಂಟೆಗೆ ಮಗು ಅತ್ತಾಗ ತಂಗಿ ಅವಳನ್ನು ಎಬ್ಬಿಸಲು ನೋಡಿದಳು. ಎಷ್ಟು ಅಲುಗಿಸಿದರೂ ಏಳಲಿಲ್ಲ. ಅಂಗಾಲು ಮುಟ್ಟಿದರೆ ತಣ್ಣಗಿತ್ತು, ಗರಸು ಅಂಟಿತ್ತು.

ದಫೇದಾರ್ ಗುರುಸ್ವಾಮಿ 'ಸದರಿ ಜಾಗದಲ್ಲಿ ಯಾವ ನಾಕಾವೂ ಇರುವುದಿಲ್ಲ' ಎಂದು ವಿವರಣೆ ಬರೆದುಕೊಟ್ಟರು. ಇನ್‌ಸ್ಪೆಕ್ಟರು ಅದನ್ನು ಒಪ್ಪಿ ಕಡತ ಮುಚ್ಚಿದರು. ಆ ವರ್ಷ ಹಳೇ ಬಾವಿಯ ರಸ್ತೆಯಲ್ಲಿ ಕಳ್ಳತನದ ಒಂದು ಪ್ರಕರಣವೂ ದಾಖಲಾಗಲಿಲ್ಲ.